ಯಂತ್ರಕ್ಕೆ ಕಾಣದ ಅಮಲು



ಪ್ರಭುವಿನ ಯಾತನೆಯ ವೃತ್ತಾಂತವನ್ನು ಓದುವಾಗ ನಾವು ಬೇಗನೆ ದಾಟಿಹೋಗುವ ಒಂದು ಸಣ್ಣ ಮಾತು ಸಂತ ಮಾರ್ಕನ ಶುಭಸಂದೇಶದ 15ನೇ ಅಧ್ಯಾಯದ 23ನೇ ವಚನದಲ್ಲಿದೆ. ಗೊಲ್ಗೊಥಾ ಗುಡ್ಡದಲ್ಲಿ ಶಿಲುಬೆಗೆ ಜಡಿಯುವ ಮೊದಲು ಯೇಸುವಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕೊಡಲು ಬಂದರು. ನೋವು ತಿಳಿಯದ ಹಾಗೆ ಮಂಪರು ಬರಿಸುವ ಪಾನ ಅದು. ಯೇಸು ಅದನ್ನು ತೆಗೆದುಕೊಳ್ಳಲಿಲ್ಲ.

ಪ್ರಭುವಿಗೆ ದ್ರಾಕ್ಷಾರಸದ ಮೇಲೆ ಹಗೆ ಇರಲಿಲ್ಲ. ಕಾನಾ ಊರಿನ ಮದುವೆ ಮನೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿ ಮಾಡಿದವರು ಅವರೇ. ಕಡೆಯ ಭೋಜನದಲ್ಲಿ ಪಾತ್ರೆಯನ್ನು ಎತ್ತಿ ಸ್ತುತಿಸಿದವರೂ ಅವರೇ. ಆದರೆ ಆ ಗಳಿಗೆಯಲ್ಲಿ ನಮ್ಮೆಲ್ಲರ ಜೀವ ಅವರ ಕೈಯಲ್ಲಿತ್ತು. ಇತರರ ಜೀವವನ್ನು ಹೊತ್ತಿರುವ ಹೊತ್ತಿನಲ್ಲಿ ಎಚ್ಚರವಾಗಿಯೇ ಇರುತ್ತೇನೆ ಎಂದು ಅವರು ಆರಿಸಿಕೊಂಡರು. ನೋವನ್ನು ತಗ್ಗಿಸಿಕೊಳ್ಳುವ ಹಕ್ಕು ಅವರಿಗೆ ಇತ್ತು. ನಮಗಾಗಿ ಅದನ್ನು ಬಿಟ್ಟುಕೊಟ್ಟರು.

ಈ ಮಾತನ್ನು ಇಂದು ನೆನಪಿಸಲು ಕಾರಣ ನಮ್ಮ ರಸ್ತೆಗಳು. ತೇವಾರಂ, ಕೊಂಬೈ, ಪಣ್ಣೈಪುರಂ, ಬೋಡಿ, ಕಂಬಂ, ಗೂಡಲೂರು, ಈ ಎಲ್ಲ ಊರುಗಳಿಂದ ಕೋಳಿ ಕೂಗುವ ಹೊತ್ತಿಗೇ ಜೀಪುಗಳು ಹೊರಡುತ್ತವೆ. ಬುತ್ತಿ ಕಟ್ಟಿಕೊಂಡ ನಮ್ಮ ಅಕ್ಕತಂಗಿಯರು, ತಾಯಂದಿರು ಒಬ್ಬರ ಮಗ್ಗುಲಿಗೆ ಒಬ್ಬರು ಒತ್ತಿಕೊಂಡು ಕುಳಿತು ಕೇರಳದ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ. ಸಂಜೆ ಅದೇ ಜೀಪಿನಲ್ಲಿ ಇಳಿದು ಬರುತ್ತಾರೆ. ಬೋಡಿಮೆಟ್ಟಿಗೆ ಹತ್ತುವ ದಾರಿಯಲ್ಲಿ 17 ಹೇರ್‌ಪಿನ್ ತಿರುವುಗಳಿವೆ. ಕಂಬಂಮೆಟ್ಟು, ಕುಮಳಿ ದಾರಿಗಳೂ ಸುಲಭವಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಮೋಡ ಇಳಿದರೆ ಹತ್ತು ಅಡಿ ಮುಂದಿನದು ಕಾಣುವುದಿಲ್ಲ. ಅಷ್ಟೂ ಮನೆಗಳ ಅನ್ನ, ಅಷ್ಟೂ ಮಕ್ಕಳ ತಾಯಂದಿರು ಸ್ಟೀರಿಂಗ್ ಹಿಡಿದಿರುವ ಒಬ್ಬ ಮನುಷ್ಯನ ಎರಡು ಕೈಗಳಲ್ಲಿರುತ್ತಾರೆ.

ಆ ಕೈಗಳು ಎಚ್ಚರವಾಗಿವೆಯೇ? ಇಂದಿನ ಪ್ರಶ್ನೆ ಇಷ್ಟೇ.

ಕುಡಿದು ವಾಹನ ಓಡಿಸಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಓಡಿಸುವವರು ಇದ್ದಾರೆ, ಆದರೆ ಅದು ತಪ್ಪಲ್ಲ ಎಂದು ಯಾರೂ ವಾದಿಸುವುದಿಲ್ಲ. ಗಾಂಜಾದ ಮಾತು ಬಂದಾಗ ಮಾತ್ರ ದನಿ ಬದಲಾಗುತ್ತದೆ. ನಮ್ಮ ಹುಡುಗರ ಬಾಯಲ್ಲಿ ಈಗ ಒಂದು ಮಾತು ಓಡಾಡುತ್ತಿದೆ: ಕುಡಿದರೆ ವಾಸನೆ ಬರುತ್ತದೆ, ಊದಿಸಿದರೆ ಯಂತ್ರ ಕೂಗುತ್ತದೆ, ಸೇದಿದರೆ ಯಂತ್ರ ಸುಮ್ಮನಿರುತ್ತದೆ, ಕಾನೂನಿನಲ್ಲಿ ಅದಕ್ಕೆ ಲೆಕ್ಕವೇ ಇಲ್ಲ. ತಮಿಳಿನಲ್ಲಿ ಪೋದೈ, ಮೇಲೆ ಮಲಯಾಳದಲ್ಲಿ ಲಹರಿ, ನಮ್ಮ ಮನೆಮಾತಿನಲ್ಲಿ ಅಮಲು. ಮೂರು ಭಾಷೆಯ ನಡುವೆ ಬದುಕುವ ನಮಗೆ ಇದಕ್ಕೆ ಮೂರು ಪದಗಳಿವೆ. ಮೂರೂ ಭಾಷೆಯಲ್ಲಿ ಈ ಒಂದೇ ಸುಳ್ಳು ನಡೆಯುತ್ತಿದೆ. ಅದಕ್ಕಾಗಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಸ್ಪಷ್ಟವಾಗಿ ತಿಳಿದುಕೊಳ್ಳೋಣ. ಆಮೇಲೆ ದೇವರ ವಾಕ್ಯಕ್ಕೆ ಬರೋಣ.

ಮೋಟಾರು ವಾಹನ ಕಾಯಿದೆ 1988ರದು. ಅದರ 185ನೇ ಕಲಂ ಮದ್ಯವನ್ನೂ ಮಾದಕವಸ್ತುವನ್ನೂ ಒಂದೇ ಕಡೆ ಹೇಳುತ್ತದೆ. ಮದ್ಯಕ್ಕೆ ಒಂದು ಅಳತೆ ಇದೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಊದುವ ಯಂತ್ರದಿಂದಾಗಲಿ, ಪ್ರಯೋಗಾಲಯದ ಪರೀಕ್ಷೆಯಿಂದಾಗಲಿ ಅದು ಗೊತ್ತಾದರೆ ಸಾಕು. ಆತ ನೆಟ್ಟಗೆ ನಿಂತಿದ್ದನೇ, ಚೆನ್ನಾಗಿ ಮಾತಾಡಿದನೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಕಲಮಿನ ಎರಡನೇ ಭಾಗ ಮಾದಕವಸ್ತುವಿಗೆ. ವಾಹನವನ್ನು ಸರಿಯಾಗಿ ಹತೋಟಿಯಲ್ಲಿ ಇಟ್ಟುಕೊಳ್ಳಲಾಗದಷ್ಟು ಅದರ ಪ್ರಭಾವಕ್ಕೆ ಒಳಗಾಗಿದ್ದರೆ ಅಪರಾಧ ಎನ್ನುತ್ತದೆ ಆ ಭಾಗ. ಅಲ್ಲಿ ಮಿಲಿಗ್ರಾಂ ಇಲ್ಲ, ಸಂಖ್ಯೆ ಇಲ್ಲ. 2019ರ ತಿದ್ದುಪಡಿ, 1985ರ ಮಾದಕವಸ್ತು ಕಾಯಿದೆಯಲ್ಲಿ ಹೇಳಿರುವ ವಸ್ತುಗಳೆಲ್ಲ ಇದರೊಳಗೆ ಬರುತ್ತವೆ ಎಂದು ಬಿಡಿಸಿ ಹೇಳಿದೆ. ಗಾಂಜಾ, ಚರಸ್ ಎರಡೂ ಅದರಲ್ಲಿ ಸೇರಿವೆ.

ಶಿಕ್ಷೆಯಲ್ಲಿ ವ್ಯತ್ಯಾಸವೇ ಇಲ್ಲ. ಮದ್ಯವಿರಲಿ, ಗಾಂಜಾ ಇರಲಿ, ಮೊದಲ ಸಲ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. 2019ರ ಸೆಪ್ಟೆಂಬರ್ 1ಕ್ಕಿಂತ ಮೊದಲು ಈ ದಂಡಗಳು 2,000 ಮತ್ತು 3,000 ಆಗಿದ್ದವು. ಇನ್ನೊಂದು ಮಾತು: ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಪ್ರಯತ್ನಿಸಿದವನಿಗೂ ಈ ಕಲಂ ಅನ್ವಯಿಸುತ್ತದೆ. ಮದ್ಯದಂಗಡಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದರೆ ಇದು ಕೇಂದ್ರದ ಕಾಯಿದೆ. ಬೋಡಿಮೆಟ್ಟಿನ ಚೆಕ್‌ಪೋಸ್ಟ್ ದಾಟಿದರೂ ಬದಲಾಗುವುದಿಲ್ಲ.

ಹಾಗಾದರೆ ಎಲ್ಲಿ ವ್ಯತ್ಯಾಸ? ಸಾಬೀತು ಮಾಡುವುದರಲ್ಲಿ. ಮದ್ಯವಾದರೆ ಯಂತ್ರದ ಚೀಟಿ ಸಾಕ್ಷಿ ಹೇಳುತ್ತದೆ. ಗಾಂಜಾವಾದರೆ ಊದುವ ಯಂತ್ರ ಏನನ್ನೂ ಹೇಳುವುದಿಲ್ಲ. ವೈದ್ಯರು ನೋಡಬೇಕು, ರಕ್ತ ತೆಗೆಯಬೇಕು, ಹತೋಟಿ ತಪ್ಪಿತ್ತು ಎಂದು ತೋರಿಸಬೇಕು. ಈ ಅಪರಾಧಕ್ಕೆ ಹಿಡಿದವನನ್ನು ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಟ್ಟುಬಿಡಬೇಕು ಎಂದು ಅದೇ ಕಾಯಿದೆಯ 202ನೇ ಕಲಂ ಹೇಳುತ್ತದೆ. ಬೆಟ್ಟದ ತಿರುವಿನಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಎಂಬುದು ನಿಮಗೇ ಗೊತ್ತು. ಸಾಬೀತು ಮಾಡುವುದು ಕಷ್ಟ ಎಂಬುದು ನಿಜ. ಆದರೆ ಸಾಬೀತು ಮಾಡುವುದು ಕಷ್ಟವಾದ ಮಾತ್ರಕ್ಕೆ ಅದು ಅಪರಾಧವಲ್ಲ ಎಂದಾಗುವುದಿಲ್ಲ. ಕತ್ತಲಲ್ಲಿ ಕದ್ದ ತೆಂಗಿನಕಾಯಿಯೂ ಕದ್ದದ್ದೇ.

ಗಾಂಜಾ ವಿಷಯದಲ್ಲಿ ಚಾಲಕನ ತಲೆಯ ಮೇಲೆ ಎರಡನೆಯ ಕಾನೂನೂ ತೂಗುತ್ತಿದೆ. ಅದನ್ನು ನಮ್ಮ ಹುಡುಗರು ಮರೆಯುತ್ತಾರೆ. ಮದ್ಯವನ್ನು ಇಟ್ಟುಕೊಳ್ಳುವುದು, ಮನೆಯಲ್ಲಿ ಕುಡಿಯುವುದು ತಮಿಳುನಾಡಿನಲ್ಲಿ ವಯಸ್ಕರಿಗೆ ಅಪರಾಧವಲ್ಲ. 2003ರಿಂದ ಟಾಸ್ಮಾಕ್ ಅಂಗಡಿಯಲ್ಲಿ ಸರ್ಕಾರವೇ ಚಿಲ್ಲರೆಯಾಗಿ ಮಾರುತ್ತಿದೆ. ಗಾಂಜಾ ಹಾಗಲ್ಲ. 1985ರ ನವೆಂಬರ್ 14ರಿಂದ ಜಾರಿಯಲ್ಲಿರುವ ಮಾದಕವಸ್ತು ಕಾಯಿದೆಯ ಪ್ರಕಾರ ಸೇದುವುದಕ್ಕೇ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಒಂದು ಕಿಲೋವರೆಗೆ ಇಟ್ಟುಕೊಂಡರೆ ಒಂದು ವರ್ಷದವರೆಗೆ. ಒಂದು ಕಿಲೋ ಮೀರಿದರೆ ಹತ್ತು ವರ್ಷದವರೆಗೆ. 20 ಕಿಲೋ ಮೀರಿದರೆ ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆಯೇ ಇಲ್ಲ, ಇಪ್ಪತ್ತು ವರ್ಷದವರೆಗೂ ಹೋಗಬಹುದು. ಒಂದು ಪೊಟ್ಟಣ ಮೇಲಕ್ಕೆ ತಲುಪಿಸಿಬಿಡು ತಮ್ಮಾ ಎಂದು ಯಾರೋ ನೂರಿನ ನೋಟು ಕೊಟ್ಟರೆ, ಆ ಪೊಟ್ಟಣದ ಜೊತೆ ಜೀಪೂ ಹೋಗಬಹುದು. ಸಾಗಿಸಿದ ವಾಹನವನ್ನು ಮುಟ್ಟುಗೋಲು ಹಾಕಿಕೊಳ್ಳಲು ಆ ಕಾಯಿದೆಯ 60ನೇ ಕಲಂ ಅವಕಾಶ ಕೊಡುತ್ತದೆ. ನನಗೆ ಗೊತ್ತಿರಲಿಲ್ಲ, ನಾನು ಎಚ್ಚರಿಕೆ ವಹಿಸಿದ್ದೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದೇ. ಸಾಲ ಮಾಡಿ ಜೀಪು ಕೊಂಡ ಅಣ್ಣಂದಿರು ಇದನ್ನು ನೆನಪಿನಲ್ಲಿಡಬೇಕು.

ಗಾಂಜಾಕ್ಕೂ ಒಂದು ಸಂಖ್ಯೆ ಇಟ್ಟರೆ ಆಗದೇ ಎಂದು ಕೇಳಬಹುದು. ಇಟ್ಟ ದೇಶಗಳಿವೆ. ಬ್ರಿಟನ್ ಸರ್ಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಮಾರ್ಚ್ 2ರಿಂದ ಒಂದು ಲೀಟರ್ ರಕ್ತಕ್ಕೆ 2 ಮೈಕ್ರೋಗ್ರಾಂ ಎಂಬ ಮಿತಿಯನ್ನು ತಂದಿತು. ಕೆನಡಾ 2018ರಲ್ಲಿ ಗಾಂಜಾ ಮಾರಾಟಕ್ಕೆ ಅನುಮತಿ ಕೊಟ್ಟ ವರ್ಷವೇ ಚಾಲಕರಿಗೆ ಮಿತಿಗಳನ್ನು ಬರೆಯಿತು. ಮದ್ಯವೂ ಗಾಂಜಾವೂ ಕೂಡಿದ್ದರೆ ಎರಡಕ್ಕೂ ಇನ್ನೂ ಕಡಿಮೆ ಮಿತಿ ಇಟ್ಟಿತು. 2024ರ ಏಪ್ರಿಲ್‌ನಲ್ಲಿ ವಯಸ್ಕರಿಗೆ ಅನುಮತಿ ಕೊಟ್ಟ ಜರ್ಮನಿ, ಅದೇ ವರ್ಷದ ಆಗಸ್ಟ್ 22ರಿಂದ ಒಂದು ಮಿಲಿಲೀಟರ್ ರಕ್ತದ್ರವಕ್ಕೆ 3.5 ನ್ಯಾನೋಗ್ರಾಂ ಎಂದಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2004ರಿಂದಲೇ ರಸ್ತೆಬದಿಯಲ್ಲಿ ಎಂಜಲು ಪರೀಕ್ಷೆ ಮಾಡುತ್ತಾರೆ. ಗಮನಿಸಿ: ಸೇದಬಹುದು ಎಂದ ದೇಶವೂ ಸೇದಿ ಓಡಿಸಬಹುದು ಎಂದಿಲ್ಲ. ವಿದೇಶದಲ್ಲಿ ಎಲ್ಲ ಬಿಟ್ಟಿದ್ದಾರೆ ಎಂದು ಫೋನಿನಲ್ಲಿ ನೋಡಿ ಹೇಳುವ ಮಕ್ಕಳಿಗೆ ಇದನ್ನು ಹೇಳಿರಿ.

ಆದರೂ ಆ ದೇಶಗಳಲ್ಲಿ ವಾದ ಮುಗಿದಿಲ್ಲ. ಮದ್ಯ ರಕ್ತದಿಂದ ಇಳಿದುಹೋಗುವ ಹಾಗೆ ಅಮಲೂ ಇಳಿಯುತ್ತದೆ. ಎರಡೂ ಹೆಚ್ಚುಕಡಿಮೆ ಜೊತೆಯಾಗಿ ನಡೆಯುತ್ತವೆ. ಗಾಂಜಾದಲ್ಲಿ ಹಾಗಲ್ಲ. ಅದರ ಸಾರ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ಅಮಲು ಇಳಿದ ಮೇಲೂ ದಿನಗಟ್ಟಲೆ, ಪದೇಪದೇ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಸೇದಿದ ಸ್ವಲ್ಪ ಹೊತ್ತಿಗೇ ರಕ್ತದಲ್ಲಿ ಅದರ ಪ್ರಮಾಣ ಸರ್ರನೆ ಇಳಿಯುತ್ತದೆ, ತಲೆಯ ಮಂಪರು ಮಾತ್ರ ಕೆಲವು ಗಂಟೆ ಉಳಿದಿರುತ್ತದೆ. ತಿಂಡಿಯಲ್ಲಿ ಬೆರೆಸಿ ತಿಂದರೆ ಅಮಲು ತಡವಾಗಿ ಏರಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಹೀಗಾಗಿ ಒಂದು ಸಂಖ್ಯೆ ಇಟ್ಟರೆ ಎಚ್ಚರವಾಗಿರುವವನು ಸಿಕ್ಕಿಬೀಳಬಹುದು, ಮಂಪರಿನಲ್ಲಿರುವವನು ತಪ್ಪಿಸಿಕೊಳ್ಳಬಹುದು. ನಮ್ಮ ಕಾನೂನು ಸಂಖ್ಯೆಯನ್ನು ಬಿಟ್ಟು ಹತೋಟಿಯನ್ನು ಕೇಳುತ್ತದೆ. ಅದಕ್ಕೂ ಅದರದೇ ಕೊರತೆ ಇದೆ. ಯಾವ ದೇಶದ ಕಾನೂನೂ ಮನುಷ್ಯನ ತಲೆಯೊಳಗೆ ಇಣುಕಿ ನೋಡಲಾರದು.

ನಾನು ಸೇದಿದರೆ ನಿಧಾನವಾಗಿ ಓಡಿಸುತ್ತೇನೆ, ಕುಡಿದವನ ಹಾಗೆ ಜೋರಾಗಿ ಓಡಿಸುವುದಿಲ್ಲ ಎಂದು ಹೇಳುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಕುಡಿದವನಿಗೆ ಧೈರ್ಯ ಹೆಚ್ಚುತ್ತದೆ, ಸೇದಿದವನು ಎಷ್ಟೋ ಸಲ ನಿಧಾನಿಸುತ್ತಾನೆ ಎಂದು ಸಂಶೋಧಕರೂ ಕಂಡಿದ್ದಾರೆ. ಆದರೆ ಅವರು ಇನ್ನೂ ಕಂಡದ್ದೇನೆಂದರೆ, ಸೇದಿದವನ ಗಾಡಿ ತನ್ನ ಸಾಲಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಓಲಾಡುತ್ತದೆ. ಒಂದೇ ಹೊತ್ತಿಗೆ ಎರಡು ಮೂರು ಕಡೆ ಗಮನ ಕೊಡಲು ಅವನಿಗೆ ಆಗುವುದಿಲ್ಲ. ತಟ್ಟನೆ ಏನಾದರೂ ಎದುರಾದರೆ ಕಾಲು ಬ್ರೇಕಿಗೆ ಹೋಗುವುದು ತಡವಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಜೀಪು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. 30ರಲ್ಲಿ ಹೋದರೂ 8 ಮೀಟರ್. ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಸರ್ಕಾರಿ ಬಸ್ಸು ಇಳಿದು ಬಂದಾಗ ನಮಗೆ ಇರುವ ಜಾಗ ಎಷ್ಟು? ಒಂದು ಸೆಕೆಂಡಿನ ಮಂಪರು ಎಂದರೆ ತಡೆಗೋಡೆಯ ಈಚೆಗೂ ಆಚೆಗೂ ಇರುವ ಅಂತರ. ಮೇಲಾಗಿ ಸ್ವಲ್ಪ ಕುಡಿದು ಸ್ವಲ್ಪ ಸೇದಿದರೆ ಎರಡರ ಕೆಡುಕೂ ಕೂಡಿಕೊಳ್ಳುತ್ತದೆ. ಹಬ್ಬದ ರಾತ್ರಿಗಳಲ್ಲಿ ನಡೆಯುವುದು ಎಷ್ಟೋ ಸಲ ಇದೇ.

ದೇವರೇ ಸೃಷ್ಟಿಸಿದ ಗಿಡವಲ್ಲವೇ ಸ್ವಾಮಿ ಎಂದು ಕೇಳುವ ಜಾಣರೂ ಇದ್ದಾರೆ. ಹೌದು, ದೇವರೇ ಸೃಷ್ಟಿಸಿದ್ದು. ನಮ್ಮ ಕಣಿವೆಯ ಪನ್ನೀರು ದ್ರಾಕ್ಷಿಯನ್ನೂ ಅವರೇ ಕೊಟ್ಟರು. ಗಿಡದ ಮೇಲೆ ನಮಗೆ ದೂರಿಲ್ಲ. ಹತ್ತು ಜನರ ಜೀವವನ್ನು ಕೈಯಲ್ಲಿ ಹಿಡಿದವನು ತನ್ನ ಎಚ್ಚರವನ್ನು ತಾನೇ ಕಳೆದುಕೊಳ್ಳುತ್ತಾನಲ್ಲ, ದೂರು ಅದರ ಮೇಲೆ. ಯಾಜಕಕಾಂಡದ 10ನೇ ಅಧ್ಯಾಯದಲ್ಲಿ ಆರೋನನಿಗೂ ಅವನ ಮಕ್ಕಳಿಗೂ ಸರ್ವೇಶ್ವರ ಒಂದು ಕಟ್ಟಳೆ ಕೊಡುತ್ತಾರೆ: ದೇವದರ್ಶನದ ಗುಡಾರದೊಳಗೆ ಹೋಗುವಾಗ ಮದ್ಯ ಸೇವಿಸಬಾರದು. ಬೇರೆ ಹೊತ್ತಿನಲ್ಲಿ ಇಲ್ಲದ ಕಟ್ಟಳೆ ಆ ಹೊತ್ತಿಗೆ ಏಕೆ? ಜನರಿಗಾಗಿ ನಿಲ್ಲುವ ಕೆಲಸಕ್ಕೆ ಪೂರ್ತಿ ಎಚ್ಚರ ಬೇಕು. ಜೀಪಿನ ಸೀಟಿನಲ್ಲಿ ಕುಳಿತವನೂ ಆ ಹೊತ್ತಿಗೆ ಜನರಿಗಾಗಿಯೇ ಕುಳಿತಿದ್ದಾನೆ.

ಪ್ರಿಯರೇ, ಪವಿತ್ರ ಗ್ರಂಥದಲ್ಲಿ ಮೋಟಾರು ವಾಹನವಿಲ್ಲ. ಆದರೆ ಇತರರ ಜೀವಕ್ಕೆ ನಾವು ಎಷ್ಟು ಹೊಣೆ ಎಂಬುದಕ್ಕೆ ಎರಡು ನಿಯಮಗಳಿವೆ. ಎರಡೂ ಮೋಶೆಯ ಕಾಲದವು.

ಮೊದಲನೆಯದು ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನದಲ್ಲಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು. ಇಲ್ಲವಾದರೆ ಮೇಲಿಂದ ಬಿದ್ದವನ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ. ಯಾರನ್ನೂ ತಳ್ಳಬೇಡ ಎಂದಷ್ಟೇ ಹೇಳಿ ದೇವರು ನಿಲ್ಲಿಸಲಿಲ್ಲ. ಯಾರೂ ಬೀಳದ ಹಾಗೆ ಮೊದಲೇ ನೋಡಿಕೋ ಎಂದರು. ನನಗೆ ಕೊಲ್ಲುವ ಉದ್ದೇಶವಿರಲಿಲ್ಲ ಎಂಬ ಮಾತು ದೇವರ ಮುಂದೆ ಸಾಲದು.

ಎರಡನೆಯದು ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿದೆ. ಒಂದು ಎತ್ತು ಮೊದಲ ಸಲ ಹಾದು ಯಾರಾದರೂ ಸತ್ತರೆ ಎತ್ತನ್ನು ಕೊಲ್ಲಬೇಕು, ಒಡೆಯ ನಿರ್ದೋಷಿ. ಆದರೆ ಅದು ಹಾಯುವ ಎತ್ತು ಎಂದು ಒಡೆಯನಿಗೆ ಮೊದಲೇ ಎಚ್ಚರಿಸಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ ಒಡೆಯನೂ ಹೊಣೆ. ನಮ್ಮೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿರುವುದು ಮತ್ತು ಸುಮ್ಮನಿರುವುದು ಎರಡೂ ಸೇರಿದಾಗ ಪಾಪ ಒಬ್ಬನದಾಗಿ ಉಳಿಯುವುದಿಲ್ಲ. ಚಾಲಕ ಸೇದುತ್ತಾನೆ ಎಂದು ಗೊತ್ತಿದ್ದೂ ಬೀಗದಕೈ ಕೊಡುವ ಮಾಲೀಕ, ಹದಿನಾರರ ಮಗನಿಗೆ ಬೈಕು ಕೊಡುವ ತಂದೆ, ಪೊಟ್ಟಣ ಕಂಡೂ ಕಾಣದ ಹಾಗೆ ಮಡಚಿಟ್ಟ ಷರಟನ್ನು ಒಗೆಯುವ ತಾಯಿ, ಇವರೆಲ್ಲ ಆ ಎತ್ತಿನ ಒಡೆಯನ ಜಾಗದಲ್ಲಿ ನಿಂತಿದ್ದಾರೆ. ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ: ಅಪ್ರಾಪ್ತ ವಯಸ್ಸಿನವನು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ.

ಧರ್ಮಸಭೆಯ ಬೋಧನೆಯೂ ಸ್ಪಷ್ಟವಾಗಿದೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ, ಅಮಲಿನಿಂದಾಗಲಿ ವೇಗದ ಹುಚ್ಚಿನಿಂದಾಗಲಿ ರಸ್ತೆಯಲ್ಲಿ ತನ್ನ ಮತ್ತು ಇತರರ ಜೀವವನ್ನು ಅಪಾಯಕ್ಕೆ ತಳ್ಳುವುದು ಗಂಭೀರ ಅಪರಾಧ ಎನ್ನುತ್ತದೆ. ಮುಂದಿನ ಪರಿಚ್ಛೇದ, ಚಿಕಿತ್ಸೆಗೆ ಹೊರತಾಗಿ ಮಾದಕವಸ್ತುವಿನ ಬಳಕೆಯನ್ನೂ ಹಾಗೆಯೇ ಕರೆಯುತ್ತದೆ. ಅಪಘಾತ ಆಗಬೇಕೆಂದಿಲ್ಲ, ಅಪಾಯಕ್ಕೆ ಒಡ್ಡುವುದೇ ಪಾಪ. ಸುರಕ್ಷಿತವಾಗಿ ಮನೆ ಮುಟ್ಟಿದೆನಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವನು ದೇವರ ಕರುಣೆಯಿಂದ ಮುಟ್ಟಿದ್ದಾನೆ, ತನ್ನ ಜಾಣತನದಿಂದ ಅಲ್ಲ. 2007ರ ಜೂನ್‌ನಲ್ಲಿ ವ್ಯಾಟಿಕನ್ ಹೊರತಂದ ರಸ್ತೆಯ ಪಾಲನಾಸೇವೆಯ ಮಾರ್ಗಸೂಚಿಯಲ್ಲಿ ಚಾಲಕರಿಗೆ ಹತ್ತು ಕಟ್ಟಳೆಗಳಿವೆ. ಅದರ ಆರನೆಯದು ನಮಗೆಲ್ಲ ಸೇರಿದ್ದು: ಓಡಿಸುವ ಸ್ಥಿತಿಯಲ್ಲಿ ಇಲ್ಲದವರನ್ನು, ಕಿರಿಯರಾಗಲಿ ಹಿರಿಯರಾಗಲಿ, ಪ್ರೀತಿಯಿಂದ ಹೇಳಿ ತಡೆಯಬೇಕು. ಜಗದ್ಗುರು ಫ್ರಾನ್ಸಿಸರು 2014ರ ಜೂನ್ 20ರಂದು ರೋಮಿನಲ್ಲಿ ಮಾತನಾಡುತ್ತ, ಹಗುರವೆಂದು ಕರೆಯುವ ಮಾದಕವಸ್ತುಗಳಿಗೂ ಒಪ್ಪಿಗೆ ಕೊಡುವುದನ್ನು ನೇರವಾಗಿ ವಿರೋಧಿಸಿದರು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ತೋಟಕ್ಕೆ ಹೋಗುವ ಒಬ್ಬ ಅಕ್ಕ ಕೇಳಬಹುದು: ಸ್ವಾಮಿ, ಚಾಲಕನ ಕಣ್ಣು ಕೆಂಪಾಗಿರುವುದು ನನಗೆ ಕಾಣುತ್ತದೆ, ಗಾಡಿ ಓಲಾಡುವುದೂ ಗೊತ್ತಾಗುತ್ತದೆ. ನಾನು ಮಾತೆತ್ತಿದರೆ ನಾಳೆಯಿಂದ ನನಗೆ ಆ ಜೀಪಿನಲ್ಲಿ ಜಾಗವಿಲ್ಲ. ಜೀಪಿಲ್ಲದಿದ್ದರೆ ಕೂಲಿ ಇಲ್ಲ. ನಾನು ಏನು ಮಾಡಲಿ?

ಈ ಪ್ರಶ್ನೆಗೆ ಧೈರ್ಯವಾಗಿರು ಎಂದಷ್ಟೇ ಹೇಳಿ ಕೈತೊಳೆದುಕೊಂಡರೆ ಅದು ಪಿಲಾತನ ಕೆಲಸವಾಗುತ್ತದೆ. ಒಬ್ಬಳೇ ಹೆಣ್ಣುಮಗಳ ಮೇಲೆ ಇಡೀ ಊರಿನ ಹೊರೆಯನ್ನು ಹೊರಿಸಲಾಗದು. ಆದ್ದರಿಂದ ಹೇಳುತ್ತೇನೆ: ಯಾರೂ ಒಬ್ಬರಾಗಿ ಮಾತೆತ್ತಬೇಡಿ. ಒಂದು ಜೀಪಿನಲ್ಲಿ ಹೋಗುವವರೆಲ್ಲ ಮೊದಲು ನಿಮ್ಮೊಳಗೆ ಮಾತಾಡಿಕೊಳ್ಳಿ. ಇಳಿದರೆ ಎಲ್ಲರೂ ಇಳಿಯುತ್ತೇವೆ, ಇಲ್ಲವಾದರೆ ಅವನು ಬದಲಿ ಚಾಲಕನನ್ನು ಕೂರಿಸಲಿ ಎಂಬ ಒಂದು ಮಾತಿಗೆ ಬನ್ನಿ. ಆ ಜೀಪಿನಲ್ಲಿ ತಮಿಳರಿದ್ದಾರೆ, ಕನ್ನಡದವರಿದ್ದಾರೆ, ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ. ಜೀಪು ಉರುಳಿದರೆ ಅದು ಯಾರ ಜಾತಿಯನ್ನೂ ಕೇಳುವುದಿಲ್ಲ. ಪ್ರತಿ ಅನ್ಬಿಯಂ ಕೂಟದಲ್ಲಿ ಈ ತಿಂಗಳು ಇದೊಂದನ್ನೇ ಮಾತಾಡಿ. ಜೀಪಿನ ಮಾಲೀಕರಲ್ಲಿ ನಮ್ಮ ಧರ್ಮಕೇಂದ್ರದವರೂ ಇದ್ದಾರೆ. ಅವರ ಜೊತೆ ಕುಳಿತು ಮಾತಾಡುವುದು ಗುರುಗಳ ಮತ್ತು ಪಾಲನಾ ಸಮಿತಿಯ ಕೆಲಸ, ಕೂಲಿಗೆ ಹೋಗುವ ತಾಯಂದಿರದಲ್ಲ. ಕಣ್ಣೆದುರಿಗೇ ಅಪಾಯವಿದ್ದರೆ 112ಕ್ಕೆ ಕರೆ ಮಾಡುವುದು ದ್ರೋಹವಲ್ಲ. ಅದು ಆ ಚಾಲಕನ ಜೀವವನ್ನೂ ಉಳಿಸುವ ಕೆಲಸ.

ಆ ಚಾಲಕನೂ ನಮ್ಮ ತಮ್ಮನೇ ಎಂಬುದನ್ನು ಮರೆಯಬೇಡಿ. ಅವನು ಬೆಳಗಿನ ಜಾವಕ್ಕೆ ಎದ್ದು ರಾತ್ರಿಯವರೆಗೆ ದುಡಿಯುತ್ತಾನೆ. ಬೆನ್ನುನೋವಿಗೆಂದು, ನಿದ್ದೆಗೆಂದು, ಮನಸ್ಸಿನ ಭಾರ ಇಳಿಯಲೆಂದು ಯಾರೋ ಗೆಳೆಯ ಕೊಟ್ಟದ್ದನ್ನು ಸೇದಲು ಹಿಡಿದಿದ್ದಾನೆ. ಈಗ ಬಿಡಲಾಗುತ್ತಿಲ್ಲ. ಹೊರಗೆ ಹೇಳಿದರೆ ಪೊಲೀಸು, ಮನೆಯಲ್ಲಿ ಹೇಳಿದರೆ ಮಾನ. ಅವನಿಗೆ ಮೂರು ಮಾತು ಹೇಳಬೇಕು.

ಒಂದು, ಕಾನೂನಿನಲ್ಲೇ ಅವನಿಗೊಂದು ಬಾಗಿಲಿದೆ. ಮಾದಕವಸ್ತು ಕಾಯಿದೆಯ 64ಎ ಕಲಮಿನ ಪ್ರಕಾರ, ಸೇದಿದ್ದಕ್ಕಾಗಿ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕಾಗಿ ಆರೋಪ ಹೊತ್ತ ವ್ಯಸನಿ, ತಾನಾಗಿಯೇ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋಗಿ ಅದನ್ನು ಪೂರ್ತಿ ಮುಗಿಸಿದರೆ ಆ ಆರೋಪದಿಂದ ಬಿಡುಗಡೆ ಪಡೆಯಬಹುದು. ನಡುವೆ ಬಿಟ್ಟುಬಂದರೆ ಆ ರಕ್ಷಣೆ ಹೋಗುತ್ತದೆ. ಮಾರಿದವನಿಗೆ ಇದು ಇಲ್ಲ. ಅಮಲಿನಲ್ಲಿ ಓಡಿಸಿದ ತಪ್ಪಿಗೂ ಇದು ಇಲ್ಲ. ಎಂದರೆ ಸಿಕ್ಕಿಬೀಳುವ ಮೊದಲೇ, ಯಾರಿಗಾದರೂ ಕೇಡಾಗುವ ಮೊದಲೇ ಹೋಗಬೇಕು.

ಎರಡು, ಸಹಾಯ ದೂರವಿಲ್ಲ. ಮಾದಕ ವ್ಯಸನಕ್ಕೆ ಕೇಂದ್ರ ಸರ್ಕಾರದ ಉಚಿತ ದೂರವಾಣಿ 14446. ಮನಸ್ಸಿನ ನೆಮ್ಮದಿಗೆ 14416. ಥೇಣಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕೆ. ವಿಳಕ್ಕಿನಲ್ಲಿದೆ, ಬಸ್ಸಿನಲ್ಲಿ ಹೋಗಿ ಬರುವ ದಾರಿ. ಒಬ್ಬನೇ ಹೋಗಲು ನಾಚಿಕೆಯಾದರೆ ಜೊತೆಗೆ ಬರಲು ಧರ್ಮಕೇಂದ್ರದಲ್ಲಿ ಜನರಿದ್ದಾರೆ. ಚಿಕಿತ್ಸೆ ನಡೆಯುವಷ್ಟು ದಿನ ಅವನ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳುವುದು ನಮ್ಮ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ ತಕ್ಕ ಕೆಲಸ.

ಮೂರು, ಪಾಪನಿವೇದನೆ. ಅಲ್ಲಿ ಹೇಳಿದ ಮಾತು ಅಲ್ಲೇ ಉಳಿಯುತ್ತದೆ. ಯಾವ ಗುರುವೂ ಅದನ್ನು ಪೊಲೀಸರಿಗಾಗಲಿ, ಹೆಂಡತಿಗಾಗಲಿ, ಮಾಲೀಕನಿಗಾಗಲಿ ಹೇಳುವಂತಿಲ್ಲ. ಪ್ರಾಣ ಹೋದರೂ ಹೇಳುವಂತಿಲ್ಲ. ಆದರೆ ಒಂದು ಮಾತು ನೆನಪಿರಲಿ: ಇನ್ನು ಮುಂದೆ ಸೇದಿ ಸ್ಟೀರಿಂಗ್ ಹಿಡಿಯುವುದಿಲ್ಲ ಎಂಬ ನಿರ್ಧಾರ ಮನಸ್ಸಿನಲ್ಲಿ ಇರಬೇಕು. ವ್ಯಸನ ಒಂದೇ ದಿನಕ್ಕೆ ಬಿಡದಿರಬಹುದು. ಬೀಗದಕೈಯನ್ನು ಒಂದೇ ದಿನಕ್ಕೆ ಬಿಡಬಹುದು. ಗುಣವಾಗುವವರೆಗೆ ಇನ್ನೊಬ್ಬನ ಕೈಗೆ ಕೊಡು ತಮ್ಮಾ. ದೇವರು ನಿನ್ನಿಂದ ಇವತ್ತು ಮೊದಲು ಕೇಳುವುದು ಅಷ್ಟನ್ನೇ.

ನಮ್ಮ ಕಣಿವೆಗೆ ಕೆಟ್ಟ ಹೆಸರು ಬಂದ ಕಾಲವೂ ಇತ್ತು. ವರುಸನಾಡಿನ ಕಾಡುಗಳಲ್ಲಿ ಗಾಂಜಾ ಬೆಳೆದದ್ದನ್ನು ಹಿರಿಯರು ಬಲ್ಲರು. ಕಂಬಂ ಎಂದರೆ ಹೊರಗಿನವರು ದ್ರಾಕ್ಷಿಯ ಮೊದಲು ಅದನ್ನೇ ಕೇಳುತ್ತಿದ್ದರು. 2021ರ ಡಿಸೆಂಬರ್‌ನಿಂದ ತಮಿಳುನಾಡು ಪೊಲೀಸರು ಗಾಂಜಾ ವೇಟ್ಟೈ ಎಂಬ ಹೆಸರಿನಲ್ಲಿ ಹುಡುಕಾಟ ನಡೆಸಿದ್ದಾರೆ. 2022ರ ಆಗಸ್ಟ್‌ನಲ್ಲಿ ರಾಜ್ಯದ ಶಾಲೆಗಳಲ್ಲೆಲ್ಲ ಮಕ್ಕಳು ಮಾದಕವಸ್ತು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ನಮ್ಮ ಮಕ್ಕಳೂ ಕೈ ಮುಂದೆ ಚಾಚಿ ಹೇಳಿದ್ದಾರೆ. ಮಕ್ಕಳು ಶಾಲೆಯಲ್ಲಿ ಹೇಳಿದ ಮಾತು ಮನೆಯ ಅಂಗಳದಲ್ಲಿ ಸುಳ್ಳಾಗಬಾರದು.

ನಾವು ಈ ಊರುಗಳಲ್ಲಿ ಭಾಷೆಯಿಂದಲೂ ಕೆಲವರು, ವಿಶ್ವಾಸದಿಂದಲೂ ಕೆಲವರು. ಕೆಲವರೇ ಇರುವುದರಿಂದ ಒಬ್ಬರ ಮನೆಯ ಸಂಗತಿ ಇನ್ನೊಬ್ಬರಿಗೆ ಗೊತ್ತಾಗದೆ ಇರುವುದಿಲ್ಲ. ಅದರಿಂದಲೇ ನಾವು ಮುಚ್ಚಿಡುತ್ತೇವೆ, ಮರ್ಯಾದೆ ಎನ್ನುತ್ತೇವೆ. ಇನ್ನು ಅದನ್ನು ಬೇರೆಯದಕ್ಕೆ ಬಳಸೋಣ. ಗೊತ್ತಿರುವುದನ್ನು ಆಡಿಕೊಳ್ಳಲು ಬಳಸದೆ, ಬೀಳುವವನ ತೋಳು ಹಿಡಿಯಲು ಬಳಸೋಣ. ಹೇಬೆಲನು ಎಲ್ಲಿ ಎಂದು ದೇವರು ಕೇಳಿದಾಗ, ಅವನನ್ನು ಕಾಯುವುದು ನನ್ನ ಕೆಲಸವೇ ಎಂದು ಕಾಯಿನ ತಿರುಗಿ ಕೇಳಿದ. ಆ ಪ್ರಶ್ನೆಗೆ ಉತ್ತರ ಹೌದು.

ಶಿಲುಬೆಯ ಮೇಲೆ ಎಚ್ಚರವಾಗಿದ್ದ ಪ್ರಭುವೇ, ನಸುಕಿನಲ್ಲಿ ಬೆಟ್ಟ ಹತ್ತುವ ನಮ್ಮ ತಾಯಂದಿರನ್ನು ಕಾಪಾಡಿರಿ. ಸ್ಟೀರಿಂಗ್ ಹಿಡಿದ ಕೈಗಳಿಗೆ ಎಚ್ಚರ ಕೊಡಿರಿ. ವ್ಯಸನಕ್ಕೆ ಸಿಕ್ಕಿದ ನಮ್ಮ ತಮ್ಮಂದಿರಿಗೆ ಬಾಯಿಬಿಟ್ಟು ಹೇಳುವ ಧೈರ್ಯವನ್ನೂ, ಕೇಳುವ ನಮಗೆ ಸಹನೆಯನ್ನೂ ಕೊಡಿರಿ. ರಸ್ತೆಯಲ್ಲಿ ಜೀವ ಬಿಟ್ಟವರ ಆತ್ಮಗಳಿಗೆ ನಿತ್ಯ ವಿಶ್ರಾಂತಿ ದಯಪಾಲಿಸಿರಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋದವರೆಲ್ಲ ಮನೆಗೆ ಮರಳುವಂತೆ ಅನುಗ್ರಹಿಸಿರಿ. ಆಮೆನ್.